ಹನ್ನೊಂದು ಸ್ಥಾನ, ನೂರೆಂಟು ವಾದ

ಫ್ರಾನ್ಸಿನ ‘ಫ್ರಾನ್ಸ್ ಫುಟ್‌ಬಾಲ್’ ನಿಯತಕಾಲಿಕವು 2020ರ ಡಿಸೆಂಬರ್ 14ರಂದು ಸಾರ್ವಕಾಲಿಕ ಶ್ರೇಷ್ಠ ತಂಡವೊಂದನ್ನು ಪ್ರಕಟಿಸಿತು. ಕೊರೊನಾ ಹಾವಳಿಯಿಂದಾಗಿ ಆ ವರ್ಷ ಪ್ರತಿಷ್ಠಿತ ‘ಬ್ಯಾಲನ್ ಡಿ’ಓರ್’ ಪ್ರಶಸ್ತಿಯನ್ನು ರದ್ದುಪಡಿಸಲಾಗಿತ್ತು. ಅದರ ಬದಲಿಗೆ ವಿವಿಧ ದೇಶಗಳ 140 ಕ್ರೀಡಾ ಪತ್ರಕರ್ತರು ಒಂದೊಂದು ಸ್ಥಾನಕ್ಕೂ ಆಟಗಾರರನ್ನು ಶ್ರೇಣೀಕರಿಸಿ ಮತ ಹಾಕಿದರು. ಮೊದಲ ಸ್ಥಾನ ಪಡೆದವರನ್ನು ಒಟ್ಟುಗೂಡಿಸಿದಾಗ ಹನ್ನೊಂದು ಮಂದಿಯ ತಂಡವೊಂದು ಸಿದ್ಧವಾಯಿತು.

ಗೋಲ್‌ಕೀಪರ್ ಸ್ಥಾನಕ್ಕೆ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್. ರಕ್ಷಣೆಗೆ ಬ್ರೆಜಿಲ್‌ನ ಕಫು, ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್, ಇಟಲಿಯ ಪಾವ್ಲೊ ಮಾಲ್ದಿನಿ. ಮಧ್ಯಭಾಗದಲ್ಲಿ ಜರ್ಮನಿಯ ಲೋಥರ್ ಮಥಾಯಸ್, ಸ್ಪೇನ್‌ನ ಕ್ಸಾವಿ, ಅವರ ಮುಂದೆ ಪೆಲೆ ಮತ್ತು ಮರಡೋನಾ. ಮುಂಚೂಣಿಯಲ್ಲಿ ಮೆಸ್ಸಿ, ಬ್ರೆಜಿಲ್‌ನ ರೊನಾಲ್ಡೊ ಹಾಗೂ ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ.

ಪಟ್ಟಿ ಹೊರಬೀಳುತ್ತಿದ್ದಂತೆಯೇ ಅಭಿಮಾನಿಗಳ ವಾಗ್ವಾದ ಆರಂಭವಾಯಿತು. ಯೋಹಾನ್ ಕ್ರೈಫ್ ಎಲ್ಲಿ? ಜಿನೆದಿನ್ ಜಿಡಾನ್ ಎಲ್ಲಿ? ಡಿ ಸ್ಟೆಫಾನೊ ಏಕಿಲ್ಲ? ಪೆಲೆಯನ್ನು ಮಿಡ್‌ಫೀಲ್ಡರ್ ಎಂದು ಕರೆದವರು ಯಾರು? ಇವೆಲ್ಲ ಅಭಿಮಾನದ ಅತಿರೇಕದಿಂದ ಹುಟ್ಟಿದ ಪ್ರಶ್ನೆಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಅವುಗಳ ಹಿಂದೆ ಗಂಭೀರವಾದ ವಿಚಾರವೊಂದಿದೆ. ಸ್ಥಾನವಾರು ಶ್ರೇಣಿಯಲ್ಲಿ ಮತದಾನಕ್ಕೆ ಮುನ್ನವೇ ಒಂದು ತೀರ್ಪು ಆಗಿಹೋಗಿರುತ್ತದೆ. ಯಾವ ಆಟಗಾರನನ್ನು ಯಾವ ಸ್ಥಾನದಲ್ಲಿ ಕೂರಿಸಬೇಕು ಎಂಬುದೇ ಆ ತೀರ್ಪು.

ಸ್ಥಾನವಾರು ಶ್ರೇಣಿ ಏಕೆ ಬೇಕು?

ಬ್ಯಾಲನ್ ಡಿ’ಓರ್ ಆರಂಭವಾದದ್ದು 1956ರಲ್ಲಿ. ಮೊದಲ ಪ್ರಶಸ್ತಿ ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್‌ಗೆ ದೊರೆಯಿತು. ಆಗ ಅವರಿಗೆ 41 ವರ್ಷ. ಅಂದಿನಿಂದ 2025ರವರೆಗೆ ಈ ಪ್ರಶಸ್ತಿ ಪಡೆದ ಗೋಲ್‌ಕೀಪರ್ ಒಬ್ಬರೇ, 1963ರಲ್ಲಿ ಯಾಶಿನ್. ರಕ್ಷಣಾ ಆಟಗಾರರ ಸಂಖ್ಯೆಯೂ ಬೆರಳೆಣಿಕೆಯದು. ಬೆಕೆನ್‌ಬಾವರ್ (1972, 1976), ಮಥಿಯಾಸ್ ಝಾಮರ್ (1996), ಫ್ಯಾಬಿಯೊ ಕನ್ನವಾರೊ (2006) ಇವರಲ್ಲಿ ಪ್ರಮುಖರು. ಕನ್ನವಾರೊ ಬಳಿಕ 2025ರವರೆಗೆ ಯಾವ ರಕ್ಷಣಾ ಆಟಗಾರನಿಗೂ ಅದು ದಕ್ಕಿಲ್ಲ. 2019ರಲ್ಲಿ ವರ್ಜಿಲ್ ವಾನ್ ಡೈಕ್ ತೀರಾ ಸಮೀಪ ಬಂದಿದ್ದರೂ ಮೆಸ್ಸಿಗಿಂತ ಏಳು ಅಂಕ ಹಿಂದೆ ಉಳಿದರು.

ಕಾರಣ ಸರಳ. ಗೋಲು ಹೊಡೆದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಗೋಲು ಆಗದಂತೆ ತಡೆದದ್ದು ಹಾಗಲ್ಲ. ಎದುರಾಳಿ ಪಾಸ್ ಕೊಡಲು ಯೋಚಿಸಿದ ಜಾಗದಲ್ಲಿ ಮೊದಲೇ ಹೋಗಿ ನಿಂತ ರಕ್ಷಣಾ ಆಟಗಾರನ ಜಾಣ್ಮೆ ಯಾವ ಅಂಕಿ-ಅಂಶದಲ್ಲಿಯೂ ಪೂರ್ಣವಾಗಿ ದಾಖಲಾಗದು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ತಟ್ಟೆ ಗೋಲು ಹೊಡೆದವರ ಕಡೆಗೇ ವಾಲುತ್ತದೆ. 2024ರಲ್ಲಿ ಸ್ಪೇನ್‌ನ ಹಿಮ್ಮಧ್ಯದ ಆಟಗಾರ ರೊಡ್ರಿಗೆ ಪ್ರಶಸ್ತಿ ಬಂದಾಗ ಎದ್ದ ಕೋಲಾಹಲವನ್ನು ನೆನೆಯಬಹುದು. ಎರಡನೆಯವರಾದ ವಿನಿಸಿಯಸ್ ಜೂನಿಯರ್ ಅವರ ಕ್ಲಬ್ ರಿಯಲ್ ಮ್ಯಾಡ್ರಿಡ್, ಸಮಾರಂಭಕ್ಕೇ ಬರಲಿಲ್ಲ.

ಆದ್ದರಿಂದ ಸ್ಥಾನವಾರು ಶ್ರೇಣಿ ಒಂದು ಬಗೆಯ ನ್ಯಾಯ. 2020ರ ಹನ್ನೊಂದು ಮಂದಿಯ ಪೈಕಿ ಐವರು ಬ್ಯಾಲನ್ ಡಿ’ಓರ್ ಸ್ಪರ್ಧೆಯಲ್ಲಿ ಒಮ್ಮೆಯೂ ಗೆದ್ದವರಲ್ಲ. ಇವರಲ್ಲಿ ಪೆಲೆ ಮತ್ತು ಮರಡೋನಾ ಅವರ ಕಾಲದಲ್ಲಿ ಪ್ರಶಸ್ತಿ ಯುರೋಪಿನ ಆಟಗಾರರಿಗಷ್ಟೇ ಮೀಸಲಾಗಿತ್ತು. ಆ ನಿಯಮ ಸಡಿಲವಾದದ್ದು 1995ರಲ್ಲಿ. ಉಳಿದ ಮೂವರು ಕಫು, ಮಾಲ್ದಿನಿ ಮತ್ತು ಕ್ಸಾವಿ. ಕಫು ಸತತ ಮೂರು ವಿಶ್ವಕಪ್ ಫೈನಲ್‌ಗಳಲ್ಲಿ ಆಡಿದ ಏಕೈಕ ಆಟಗಾರ. ಮಾಲ್ದಿನಿ 1994 ಮತ್ತು 2003ರಲ್ಲಿ ಮೂರನೆಯವರಾದರು. ಕ್ಸಾವಿ 2009ರಿಂದ 2011ರವರೆಗೆ ಸತತ ಮೂರು ವರ್ಷ ಮೂರನೇ ಸ್ಥಾನಕ್ಕೇ ತೃಪ್ತಿಪಟ್ಟರು. ಸ್ಥಾನಕ್ಕೊಂದು ಪಟ್ಟಿ ಇಲ್ಲದೇ ಹೋಗಿದ್ದರೆ ಇವರ ಹೆಸರು ಮೊದಲ ಸಾಲಿಗೆ ಬರುತ್ತಿತ್ತೇ ಎಂಬುದು ಅನುಮಾನ.

ನ್ಯಾಯದ ಬೆನ್ನಿಗೇ ಅನ್ಯಾಯ

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಬ್ಯಾಲನ್ ಡಿ’ಓರ್ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದವರು ಮೂವರು: ಕ್ರೈಫ್, ಮಿಷೆಲ್ ಪ್ಲಾಟಿನಿ, ಮಾರ್ಕೊ ವಾನ್ ಬಾಸ್ಟನ್. ಈ ಮೂವರಲ್ಲಿ ಒಬ್ಬರೂ ಹನ್ನೊಂದರ ತಂಡದಲ್ಲಿಲ್ಲ! ಒಮ್ಮೆಯೂ ಗೆಲ್ಲದ ಐವರು ಒಳಗೆ, ಮೂರು ಬಾರಿ ಗೆದ್ದ ಮೂವರು ಹೊರಗೆ. ಪತ್ರಕರ್ತರು ಇವರನ್ನು ಕಡೆಗಣಿಸಿದರೆಂದು ಇದರಿಂದ ಹೇಳಲಾಗದು. ಪ್ಲಾಟಿನಿಯಂಥವರು ಆಡುವ ಜಾಗದಲ್ಲಿ ಪೆಲೆ ಮತ್ತು ಮರಡೋನಾ ಕುಳಿತಿದ್ದರು. ಸೆಂಟರ್ ಫಾರ್ವರ್ಡ್ ಸ್ಥಾನ ಒಂದೇ ಇದ್ದು, ಅದು ಬ್ರೆಜಿಲ್‌ನ ರೊನಾಲ್ಡೊ ಪಾಲಾಯಿತು.

ಪೆಲೆಯನ್ನು ಫಾರ್ವರ್ಡ್ ಎಂದು ಪರಿಗಣಿಸಿದ್ದರೆ ಏನಾಗುತ್ತಿತ್ತು? ಮುಂಚೂಣಿಯ ಮೂವರಲ್ಲಿ ಯಾರಾದರೊಬ್ಬರು ಸ್ಥಾನ ತೆರವು ಮಾಡಬೇಕಾಗುತ್ತಿತ್ತು. ಮಧ್ಯಭಾಗದಲ್ಲಿ ಜಿಡಾನ್, ಪ್ಲಾಟಿನಿ ಅಥವಾ ಡಿ ಸ್ಟೆಫಾನೊ ಅವರಿಗೆ ಬಾಗಿಲು ತೆರೆಯುತ್ತಿತ್ತು. ಒಂದೂ ಮತ ಬದಲಾಗದೆ ತಂಡವೇ ಬದಲಾಗುತ್ತಿತ್ತು.

ಇನ್ನೂ ಸ್ವಾರಸ್ಯಕರವಾದದ್ದು ಇಬ್ಬರು ಜರ್ಮನ್ನರ ಉದಾಹರಣೆ. ಪಟ್ಟಿಯಲ್ಲಿ ಬೆಕೆನ್‌ಬಾವರ್ ರಕ್ಷಣಾ ಆಟಗಾರ, ಮಥಾಯಸ್ ಮಿಡ್‌ಫೀಲ್ಡರ್. ಆದರೆ 1966ರ ವಿಶ್ವಕಪ್‌ನಲ್ಲಿ ಬೆಕೆನ್‌ಬಾವರ್ ಮಧ್ಯಭಾಗದಲ್ಲಿ ಆಡಿ ನಾಲ್ಕು ಗೋಲು ಹೊಡೆದಿದ್ದರು. ಅವರು ರಕ್ಷಣೆಯ ಹಿಂದೆ ಸ್ವತಂತ್ರವಾಗಿ ನಿಲ್ಲುವ ‘ಲಿಬೆರೊ’ ಆಗಿ ವಿಶ್ವಕಪ್ ಎತ್ತಿದ್ದು 1974ರಲ್ಲಿ. ಮಥಾಯಸ್ 1990ರಲ್ಲಿ ಮಧ್ಯಭಾಗದಿಂದ ತಂಡವನ್ನು ಮುನ್ನಡೆಸಿ ಕಪ್ ಗೆದ್ದರು, 1994ರಲ್ಲಿ ಅದೇ ಲಿಬೆರೊ ಸ್ಥಾನಕ್ಕೆ ಸರಿದರು. ಅವರ ವೃತ್ತಿಜೀವನದ ಯಾವ ಅವಧಿಯನ್ನು ನೋಡುತ್ತೇವೆ ಎಂಬುದರ ಮೇಲೆ ಇಬ್ಬರ ಜಾಗವೂ ಅದಲು ಬದಲಾಗಬಹುದು.

ಸ್ಥಾನಗಳೇ ಸ್ಥಿರವಲ್ಲ

ಸ್ಥಾನವೆಂಬುದೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹಂಗೆರಿ ತಂಡ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಹಂಗೆರಿಯ ನಂಡೋರ್ ಹಿಡೆಗ್‌ಕುಟಿ ಹೆಸರಿಗೆ ಸೆಂಟರ್ ಫಾರ್ವರ್ಡ್. ಆದರೆ ಅವರು ಹಿಂದಕ್ಕೆ ಸರಿದು ಆಡಿದರು. ಅವರನ್ನು ಬೆನ್ನಟ್ಟಿ ಹೋಗಬೇಕೋ, ನಿಂತಲ್ಲೇ ನಿಲ್ಲಬೇಕೋ ಎಂಬುದು ಇಂಗ್ಲೆಂಡಿನ ರಕ್ಷಣಾ ಆಟಗಾರರಿಗೆ ತಿಳಿಯಲಿಲ್ಲ. ಹಿಡೆಗ್‌ಕುಟಿ ಮೂರು ಗೋಲು ಹೊಡೆದರು. ಅರ್ಧ ಶತಮಾನದ ಬಳಿಕ, 2009ರ ಮೇ 2ರಂದು, ಬಾರ್ಸಿಲೋನಾ ತಂಡ ಮೆಸ್ಸಿಯನ್ನು ಇದೇ ರೀತಿ ಆಡಿಸಿ ರಿಯಲ್ ಮ್ಯಾಡ್ರಿಡನ್ನು ಅದರ ಮೈದಾನದಲ್ಲೇ 6-2ರಿಂದ ಮಣಿಸಿತು. 2020ರ ಪಟ್ಟಿಯಲ್ಲಿ ಮೆಸ್ಸಿಗೆ ಸಿಕ್ಕಿದ್ದು ಬಲ ಅಂಚಿನ ಸ್ಥಾನ.

ಗೋಲ್‌ಕೀಪರ್ ಕೆಲಸವೂ ಹಾಗೆಯೇ. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಿತು. ಅಲ್ಲಿಂದೀಚೆಗೆ ಕೀಪರ್‌ಗೆ ಕಾಲಿನ ಚಳಕವೂ ಅಗತ್ಯವಾಯಿತು. ಯಾಶಿನ್ ಅವರನ್ನು ಇಂದಿನವರೊಡನೆ ಹೋಲಿಸುವಾಗ ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಹೋಲಿಸುತ್ತಿರುತ್ತೇವೆ.

ನಮ್ಮ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರ ವಿಷಯವನ್ನೂ ಇಲ್ಲಿ ಹೇಳಬೇಕು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದ ಅವರು, ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ‘ಪಂಚ ಪಾಂಡವ’ರಲ್ಲಿ ಒಬ್ಬರಾಗಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಉಳಿದ ನಾಲ್ವರು. ಅಹ್ಮದ್ ಖಾನ್ ಅವರದು ‘ಇನ್‌ಸೈಡ್ ಲೆಫ್ಟ್’ ಸ್ಥಾನ. ಐವರು ಮುಂಚೂಣಿಯಲ್ಲಿ ಆಡುವ ಪದ್ಧತಿಯೇ ಮರೆಯಾದ ಮೇಲೆ ಆ ಹೆಸರಿನ ಸ್ಥಾನವೂ ಇಲ್ಲವಾಯಿತು. 2017ರಲ್ಲಿ ನಿಧನರಾದ ಈ ಮಹಾನ್ ಆಟಗಾರನನ್ನು ಇಂದಿನ ಸ್ಥಾನವಾರು ಪಟ್ಟಿಯಲ್ಲಿ ಎಲ್ಲಿ ಕೂರಿಸುವುದು? ಜಾಗ ಸಿಗದಿದ್ದರೆ ಹೆಸರೂ ಮರೆತುಹೋಗುವ ಅಪಾಯವಿದೆ.

ಹಾಗಾದರೆ ಇಂಥ ಶ್ರೇಣಿಗಳು ವ್ಯರ್ಥವೇ? ಖಂಡಿತ ಅಲ್ಲ. ಆದರೆ ಅವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಆಟಗಾರನನ್ನು ಯಾವ ಸ್ಥಾನದಲ್ಲಿ ಇಡಲಾಗಿದೆ? ಆತನ ಆಟದ ಯಾವ ಅವಧಿಯನ್ನು ಪರಿಗಣಿಸಲಾಗಿದೆ? ಮತ ಹಾಕಿದವರು ಆತನ ಆಟವನ್ನು ಕಣ್ಣಾರೆ ಕಂಡವರೋ, ಕೇವಲ ಕೀರ್ತಿಯನ್ನು ಕೇಳಿದವರೋ? ಇವಕ್ಕೆ ಉತ್ತರ ಹುಡುಕುವ ಅಭಿಮಾನಿ ಹಳೆಯ ಪಂದ್ಯಗಳನ್ನು ಮತ್ತೆ ನೋಡುತ್ತಾನೆ, ಕೇಳರಿಯದ ಹೆಸರುಗಳನ್ನು ಪರಿಚಯಿಸಿಕೊಳ್ಳುತ್ತಾನೆ. ಕ್ರೈಫ್ ಏಕಿಲ್ಲ ಎಂದು ಜಗಳಕ್ಕೆ ಹೊರಟವನು ಹಿಡೆಗ್‌ಕುಟಿಯ ಬಗ್ಗೆ ತಿಳಿದುಕೊಂಡು ಮರಳಿದರೆ ಆ ಪಟ್ಟಿ ತನ್ನ ಕೆಲಸವನ್ನು ಮಾಡಿದಂತೆಯೇ.