ಗೋದಾಮಿನ ಪ್ಲಾಸ್ಟಿಕ್‌ಗೆ ಮೈಕ್ರಾನ್ ಲೆಕ್ಕ ಸಾಲದು, ಗ್ರಾಂ ಲೆಕ್ಕ ಬೇಕು

2022ರ ಜುಲೈ 1ರಿಂದ ಸ್ವೀಟ್ ಬಾಕ್ಸ್, ಆಮಂತ್ರಣ ಪತ್ರಿಕೆ, ಸಿಗರೇಟ್ ಪ್ಯಾಕಿಗೆ ತೆಳು ಪ್ಲಾಸ್ಟಿಕ್ ಸುತ್ತುವುದು ದೇಶಾದ್ಯಂತ ನಿಷಿದ್ಧ. ಅದೇ ಸ್ವೀಟ್ ಬಾಕ್ಸುಗಳನ್ನು ಪ್ಯಾಲೆಟ್ ಮೇಲೆ ಆಳೆತ್ತರ ಪೇರಿಸಿ, ಹತ್ತು ಸುತ್ತು ಪ್ಲಾಸ್ಟಿಕ್ ಬಿಗಿದು ಲಾರಿಗೆ ಹಾಕಿ ನೋಡಿ, ಯಾರೂ ಕೇಳಲ್ಲ. ಅಂಗಡಿಯ ಪ್ಲಾಸ್ಟಿಕ್ ಕಾನೂನಿನ ಕಣ್ಣಿಗೆ ಬೀಳುತ್ತೆ, ಗೋದಾಮಿನದು ಬೀಳಲ್ಲ.

ಹಾಗಂತ ಅದನ್ನೂ ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. ಫಿಲ್ಮ್ ಇಲ್ಲದೆ ಕಟ್ಟಿದ ಲೋಡು ಮೊದಲ ಹಂಪ್‌ನಲ್ಲೇ ವಾಲುತ್ತೆ, ಒಡೆದ ಮಾಲೂ ಕಸವೇ. ಪ್ರಶ್ನೆ ಇರುವುದು ಯಾವ ಫಿಲ್ಮ್, ಎಷ್ಟು ಎಂಬಲ್ಲಿ. ಅದನ್ನು ತೀರ್ಮಾನಿಸುವವರು ಹೆಚ್ಚಾಗಿ ನೋಡೋದು ರೋಲಿನ ರೇಟು ಮಾತ್ರ.

ವಿಧಾನಗಳು ಮುಖ್ಯವಾಗಿ ಎರಡು. ಒಂದು ಶ್ರಿಂಕ್. ತಯಾರಿಸುವಾಗಲೇ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನು ಎಳೆದು, ಹಾಗೇ ತಣ್ಣಗಾಗಿಸಿರುತ್ತಾರೆ. ಮತ್ತೆ ಬಿಸಿ ತಾಗಿದ್ದೇ ತಡ, ಅವು ಮೊದಲಿನ ಸ್ಥಿತಿಗೆ ಮುದುಡಿಕೊಳ್ಳುತ್ತವೆ, ಫಿಲ್ಮ್ ಮಾಲಿಗೆ ಅಂಟಿದಂತೆ ಕೂರುತ್ತೆ. ಹನ್ನೆರಡು ನೀರಿನ ಬಾಟಲಿಗಳ ಕಟ್ಟು ನೆನಪಿಸಿಕೊಳ್ಳಿ. ಇನ್ನೊಂದು ಸ್ಟ್ರೆಚ್. ಇದಕ್ಕೆ ಬಿಸಿ ಬೇಡ. ಎಳೆದು ಸುತ್ತಿದರೆ ರಬ್ಬರ್ ಬ್ಯಾಂಡಿನಂತೆ ಹಿಂದಕ್ಕೆ ಎಳೆಯುತ್ತಾ ಲೋಡನ್ನು ಹಿಡಿದಿಡುತ್ತೆ.

ಬಿಡಿ ಸಾಮಾನನ್ನು ಕಟ್ಟು ಮಾಡಲು, ಯಾರಾದರೂ ಬಿಚ್ಚಿದ್ದರೆ ತಕ್ಷಣ ಗೊತ್ತಾಗಬೇಕೆಂದರೆ, ಮಳೆಯಲ್ಲಿ ಬಯಲಲ್ಲೇ ಇಡಬೇಕಾದ ಮಾಲಿಗೆ ಶ್ರಿಂಕ್ ಸರಿ. ಆದರೆ ಅದರ ಬಿಸಿಗಾಳಿ ಟನೆಲ್ ದಿನವಿಡೀ ಕರೆಂಟು ತಿನ್ನುತ್ತೆ. ಚಾಕೊಲೇಟ್, ಸ್ಪ್ರೇ ಕ್ಯಾನ್‌ಗಳ ಹತ್ತಿರ ಬಿಸಿ ತರುವಂತೆಯೇ ಇಲ್ಲ. ಪೇರಿಸಿದ ಪೆಟ್ಟಿಗೆಗಳನ್ನು ಲಾರಿಯಲ್ಲಿ ಕಳಿಸುವುದಕ್ಕೆ ಸ್ಟ್ರೆಚ್ಚೇ ವಾಸಿ. ದಾರಿಯಲ್ಲಿ ಲೋಡು ಸ್ವಲ್ಪ ಕುಸಿದರೂ ಅದೂ ಜೊತೆಗೇ ಬಿಗಿಯಾಗುತ್ತೆ. ಮೇಲಿಂದ ನೀರು ಇಳಿಯದಂತೆ ತಲೆಗೊಂದು ಹಾಳೆ ಹೊದಿಸಬೇಕಷ್ಟೇ.

ಎಂಜಿನಿಯರಿಂಗ್ ಓದಿದ ತಪ್ಪಿಗೆ ಇಲ್ಲೊಂದು ಲೆಕ್ಕ ಹಾಕಲೇಬೇಕು. 1 ಮೀಟರ್ ಅಗಲ, 1.2 ಮೀಟರ್ ಉದ್ದದ ಪ್ಯಾಲೆಟ್‌ನ ಸುತ್ತಳತೆ 4.4 ಮೀಟರ್. ಹತ್ತು ಸುತ್ತಿಗೆ 44 ಮೀಟರ್. ಅರ್ಧ ಮೀಟರ್ ಅಗಲ, 23 ಮೈಕ್ರಾನ್ ದಪ್ಪದ ಫಿಲ್ಮನ್ನು ಕೈಯಲ್ಲಿ ಸುತ್ತುವಾಗ 1 ಮೀಟರ್ ಹಿಗ್ಗಿ 1.1 ಮೀಟರ್ ಆಯಿತು ಎಂದುಕೊಳ್ಳಿ. ಒಂದು ಪ್ಯಾಲೆಟ್‌ಗೆ ಸುಮಾರು 420 ಗ್ರಾಂ ಪ್ಲಾಸ್ಟಿಕ್. ಅದೇ ಫಿಲ್ಮನ್ನು ಮೊದಲೇ ಎಳೆದು ಕೊಡುವ ಯಂತ್ರದಲ್ಲಿ 1 ಮೀಟರ್ 3 ಮೀಟರ್ ಆಗುತ್ತೆ, ಅಂದರೆ ಸಾಕಾಗೋದು ಸುಮಾರು 155 ಗ್ರಾಂ. ದಿನಕ್ಕೆ 200 ಪ್ಯಾಲೆಟ್ ಕಳಿಸುವ ಗೋದಾಮಿನಲ್ಲಿ ವ್ಯತ್ಯಾಸ 53 ಕಿಲೋ. ಒಂದೇ ಗೋದಾಮು, ಒಂದೇ ದಿನ.

ಕೈಯಲ್ಲಿ ಯಾಕೆ ಅಷ್ಟು ಎಳೆಯೋಕಾಗಲ್ಲ? ಸುತ್ತುವವನ ದೇಹ ಬಿಡಲ್ಲ. ನೆಲಮಟ್ಟಕ್ಕೆ ಬಗ್ಗಿ, ರೋಲು ಹಿಡಿದು ಹಿಂದಕ್ಕೆ ನಡೆಯುತ್ತಾ, ಮೇಲೇಳುತ್ತಾ ಹತ್ತು ಪ್ರದಕ್ಷಿಣೆ. ಹೀಗೆ ದಿನಕ್ಕೆ ಹತ್ತಾರು ಪ್ಯಾಲೆಟ್. ಗುತ್ತಿಗೆ ಹುಡುಗನ ಬೆನ್ನು ಯಂತ್ರಕ್ಕಿಂತ ಅಗ್ಗ ಎಂಬ ಲೆಕ್ಕ ಇರುವ ತನಕ ಪ್ಲಾಸ್ಟಿಕ್ಕೂ ಜಾಸ್ತಿಯೇ ಹೋಗುತ್ತೆ. ಸಣ್ಣ ಉದ್ದಿಮೆಗೆ ಯಂತ್ರದ ಬಂಡವಾಳ ಭಾರ, ಒಪ್ಪುತ್ತೇನೆ. ದಿನಕ್ಕೆ ನೂರಾರು ಪ್ಯಾಲೆಟ್ ಕಳಿಸುವ ದೊಡ್ಡವರಿಗೆ ಆ ನೆಪ ಇಲ್ಲ.

ಶ್ರಿಂಕ್ ಫಿಲ್ಮಿನಲ್ಲಿ ಬೇರೆಯದೇ ತಲೆನೋವು. ಅದು ಪಾಲಿಥೀನ್‌ನದ್ದೂ ಇರುತ್ತೆ, ಪಿವಿಸಿಯದ್ದೂ ಇರುತ್ತೆ. ಪಿವಿಸಿ ಅತಿಯಾಗಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ. ಸೀಲ್ ಮಾಡುವವರ ಕಣ್ಣು, ಗಂಟಲು ಉರಿಯುವುದು ಅದಕ್ಕೇ. ಪಾಲಿಥೀನ್ ರಾಶಿಯಲ್ಲಿ ಒಂದಿಷ್ಟು ಪಿವಿಸಿ ಸೇರಿದರೂ ಕರಗಿಸುವಾಗ ಇಡೀ ಮಾಲು ಕೆಡುತ್ತೆ. ಬಕೆಟ್ ನೀರಿಗೆ ಹಾಕಿ ಒದ್ದೆ ಮಾಡಿದರೆ ಪಾಲಿಥೀನ್ ತೇಲುತ್ತೆ, ಪಿವಿಸಿ ಮುಳುಗುತ್ತೆ. ಆದರೆ ಒಣ ಕಸ ಸಂಗ್ರಹ ಕೇಂದ್ರದಲ್ಲಿ ರಾಶಿ ಬಿದ್ದ ಒಂದೊಂದು ತುಂಡನ್ನೂ ನೀರಿಗೆ ಹಾಕುತ್ತಾ ಕೂರುವವರು ಯಾರು? ಕೊಳ್ಳುವಾಗಲೇ ಪಿವಿಸಿ ಬೇಡ ಅಂದರೆ ಮುಗೀತು.

ಕಾನೂನು ಇದನ್ನೆಲ್ಲ ಹೇಗೆ ನೋಡುತ್ತೆ? ಪ್ಯಾಕಿಂಗ್ ಹಾಳೆ 50 ಮೈಕ್ರಾನ್‌ಗಿಂತ ತೆಳುವಿರಬಾರದು ಅನ್ನುತ್ತೆ 2016ರ ನಿಯಮ. ದಪ್ಪದಿಂದ ಕೆಲಸವೇ ಕೆಡುವ ಕಡೆ ವಿನಾಯಿತಿಯೂ ಇದೆ. ಕ್ಯಾರಿ ಬ್ಯಾಗ್‌ಗೆ ಮೈಕ್ರಾನ್ ಲೆಕ್ಕ ಸರಿ, ದಪ್ಪ ಚೀಲ ಮತ್ತೆ ಬಳಕೆಗೆ ಬರುತ್ತೆ. ಪ್ಯಾಲೆಟ್ ಫಿಲ್ಮನ್ನು ಒಮ್ಮೆ ಬ್ಲೇಡ್ ಹಾಕಿ ಹರಿದರೆ ಕಥೆ ಮುಗಿಯಿತು. ಇಲ್ಲಿ ದಪ್ಪ ಅಂದರೆ ಹೆಚ್ಚು ಕಸ, ಅಷ್ಟೇ.

2022ರ ಫೆಬ್ರವರಿಯಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆ ಮಾರ್ಗಸೂಚಿ ಒಂದು ಹೆಜ್ಜೆ ಮುಂದೆ. ಫಿಲ್ಮಿನಂಥ ಬಾಗುವ ಪ್ಲಾಸ್ಟಿಕ್ ಎರಡನೇ ವರ್ಗದ್ದು. ಅದರಲ್ಲಿ 2024-25ಕ್ಕೆ ಕನಿಷ್ಠ ಶೇ. 30, 2027-28ಕ್ಕೆ ಶೇ. 60 ಮರುಬಳಕೆಗೆ ಸಂಸ್ಕರಣೆ ಆಗಬೇಕು. ಆದರೆ ಪಾಲಿಥೀನ್ ಫಿಲ್ಮೂ ಪಿವಿಸಿ ಫಿಲ್ಮೂ ಅದೇ ವರ್ಗದಲ್ಲಿ ಕೂತಿವೆ. ಒಂದು ಟನ್ ಮಾಲು ಸಾಗಿಸಲು ಎಷ್ಟು ಗ್ರಾಂ ಸುತ್ತಿದಿರಿ ಅಂತ ಆ ಗುರಿಗಳು ಕೇಳುವುದಿಲ್ಲ.

ಸ್ವಚ್ಛ, ಬಣ್ಣವಿಲ್ಲದ ಸ್ಟ್ರೆಚ್ ಫಿಲ್ಮಿಗೆ ಗುಜರಿಯಲ್ಲಿ ಬೆಲೆ ಇದೆ. ಅದರ ಮೇಲೆ ಕಾಗದದ ಲೇಬಲ್ ಅಂಟಿಸಿ, ಕಂದು ಟೇಪ್ ಸುತ್ತಿ, ಬಿಚ್ಚಿದ ಮೇಲೆ ಗೋದಾಮಿನ ನೆಲದಲ್ಲಿ ತುಳಿದಾಡಿದರೆ ಆ ಬೆಲೆ ಬಿದ್ದುಹೋಗುತ್ತೆ. ಲೇಬಲ್ಲನ್ನು ಪೆಟ್ಟಿಗೆಗೇ ಅಂಟಿಸಿ, ಬಿಚ್ಚಿದ ಫಿಲ್ಮಿಗೊಂದು ಬೇರೆ ಚೀಲ ಇಟ್ಟರೆ ಗೋದಾಮಿಗೆ ನಯಾಪೈಸೆ ನಷ್ಟವಿಲ್ಲ. ಈಗ ಆ ಲೇಬಲ್ ಕೀಳುತ್ತಾ ಕೂತಿರುವುದು ಕಸ ವಿಂಗಡಿಸುವ ಹೆಂಗಸರು, ಕಿಲೋ ಲೆಕ್ಕದ ಕೂಲಿಗೆ.