ರಸ್ತೆಯ ಕೆಳಗಿನ ಮೋರಿ, ರಸ್ತೆ ಪಕ್ಕದ ಹೊಲ

ಊರಿನಿಂದ ಯಾರೇ ಬರಲಿ, ಈಚೆಗೆ ಅವರು ಮೊದಲು ಆಡುವ ಮಾತು ರಸ್ತೆಯದು. ಬೆಂಗಳೂರಿನಿಂದ ಮೈಸೂರಿಗೆ ಈಗ ಎಷ್ಟು ಬೇಗ ಹೋಗಬಹುದೆಂದು ಕೇಳಿ ನಾವೆಲ್ಲ ಸಂತೋಷಪಟ್ಟಿದ್ದೇವೆ. ರಜೆಗೆ ಹೋದಾಗ ಅದರ ಸುಖವನ್ನೂ ಕಂಡಿದ್ದೇವೆ. ಆದರೆ ಅಂಥ ಹೆದ್ದಾರಿಗಳ ಪಕ್ಕದಲ್ಲಿ ಹೊಲ, ಗದ್ದೆ, ತೋಟ ಇರುವವರನ್ನು ಮಳೆಗಾಲದಲ್ಲಿ ಮಾತಾಡಿಸಿದರೆ ಇನ್ನೊಂದು ದೂರೂ ಕೇಳಿಬರುತ್ತದೆ: "ನಮ್ಮ ಹೊಲದಲ್ಲಿ ಮೊದಲು ನೀರು ನಿಲ್ಲುತ್ತಿರಲಿಲ್ಲ. ರಸ್ತೆ ಎತ್ತರಿಸಿದ ಮೇಲೆ ನಿಲ್ಲುತ್ತಿದೆ."

ಪರದೇಶದಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಪಿತ್ರಾರ್ಜಿತವಾದ ಎರಡೋ ನಾಲ್ಕೋ ಎಕರೆ ಉಂಟು. ಅಣ್ಣನೋ, ಚಿಕ್ಕಪ್ಪನ ಮಕ್ಕಳೋ ಅದನ್ನು ನೋಡಿಕೊಳ್ಳುತ್ತಿರುತ್ತಾರೆ. ಅವರು ಫೋನಿನಲ್ಲಿ ಈ ತೊಂದರೆ ಹೇಳಿಕೊಂಡಾಗ ಏನು ಉತ್ತರ ಕೊಡಬೇಕೆಂದು ನಮಗೆ ತೋಚುವುದಿಲ್ಲ. ನೀರು ಏಕೆ ನಿಲ್ಲುತ್ತದೆ, ಜಗಳ ಎಲ್ಲಿ ಹುಟ್ಟುತ್ತದೆ, ಕಾನೂನು ಏನನ್ನುತ್ತದೆ, ಇಲ್ಲಿಂದ ನಾವು ಏನು ಸಹಾಯ ಮಾಡಬಹುದು ಎಂಬುದನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ರಸ್ತೆಯೂ ಒಂದು ಏರಿಯೇ

ನಮ್ಮ ಹಿರಿಯರು ಕೆರೆ ಕಟ್ಟಿದ್ದು ಹೇಗೆ? ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು, ನೀರು ನಿಂತಿತು. ಹೆಚ್ಚಾದ ನೀರಿಗೆ ಕೋಡಿ, ಬೇಕಾದ ನೀರಿಗೆ ತೂಬು ಇಟ್ಟರು. ಈಗಿನ ಹೆದ್ದಾರಿಯನ್ನೂ ಸುತ್ತಲಿನ ನೆಲಕ್ಕಿಂತ ಹಲವು ಅಡಿ ಎತ್ತರಕ್ಕೆ ಮಣ್ಣು ತುಂಬಿ ಕಟ್ಟುತ್ತಾರೆ. ರಸ್ತೆ ಇಳಿಜಾರಿಗೆ ಅಡ್ಡ ಬಂದರೆ ನೀರಿನ ಕಣ್ಣಿಗೆ ಅದೂ ಒಂದು ಏರಿ. ನೀರನ್ನು ಆಚೆಗೆ ದಾಟಿಸಲು ಅದಕ್ಕಿರುವ ಬಾಯಿ ಮೋರಿ ಮಾತ್ರ. ಮೋರಿ ಸಣ್ಣದಾದರೆ, ಎತ್ತರದಲ್ಲಿ ಕೂತರೆ ಅಥವಾ ಹೂಳು ತುಂಬಿದರೆ ರಸ್ತೆಯ ಮೇಲ್ಗಡೆಯ ಹೊಲ ಕೆರೆಯಾಗುತ್ತದೆ.

ಹೊಳೆ, ಹಳ್ಳಗಳಿಗೆ ಸೇತುವೆ ಕಟ್ಟುವುದನ್ನು ಯಾರೂ ಮರೆಯುವುದಿಲ್ಲ. ತೊಂದರೆ ಬರುವುದು ಹಳ್ಳವೆಂದು ಹೇಳುವಷ್ಟು ದೊಡ್ಡದಲ್ಲದ, ಮಳೆ ಬಂದಾಗ ಮಾತ್ರ ನೀರು ಜಾರುವ ತಗ್ಗುಗಳಲ್ಲಿ. ಬೇಸಿಗೆಯಲ್ಲಿ ಅಳತೆಗೆ ಬಂದವರ ಕಣ್ಣಿಗೆ ಅಂಥ ತಗ್ಗು ಬೀಳದೇ ಹೋಗಬಹುದು. ಊರಿನ ಮುದುಕರಿಗೆ ಮಾತ್ರ ಅದು ಬಾಯಿಪಾಠ.

ಒಂದು ಸಣ್ಣ ಲೆಕ್ಕ

ಮಕ್ಕಳೊಂದಿಗೆ ಕೂತು ಮಾಡಬಹುದಾದ ಲೆಕ್ಕ ಇದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ರಸ್ತೆಯ ಮೇಲ್ಗಡೆಯ 250 ಎಕರೆಯ ನೀರು ಒಂದೇ ತಗ್ಗಿಗೆ ಬರುತ್ತದೆ ಎಂದುಕೊಳ್ಳಿ. ಒಂದು ಗಂಟೆಯಲ್ಲಿ 2 ಅಂಗುಲ ಮಳೆ ಸುರಿಯಿತು. ಹತ್ತರಲ್ಲಿ ಆರು ಪಾಲು ಭೂಮಿಗೆ ಇಂಗಿತು; ನಾಲ್ಕು ಪಾಲು ಹರಿದು ಬಂತು. ಆಗ ಬರುವ ನೀರು ಗಂಟೆಗೆ ಸುಮಾರು 2 ಕೋಟಿ ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 5,700 ಲೀಟರ್.

ಈಗ ಮೋರಿಗೆ ಬರೋಣ. ನೀರು ಸೆಕೆಂಡಿಗೆ 8 ಅಡಿ ವೇಗದಲ್ಲಿ ಹರಿದರೆ 2 ಅಡಿ ವ್ಯಾಸದ ಒಂದು ಕೊಳವೆ ಸೆಕೆಂಡಿಗೆ ಸುಮಾರು 700 ಲೀಟರ್ ದಾಟಿಸುತ್ತದೆ. ವ್ಯಾಸ 4 ಅಡಿಯಾದರೆ ಬಾಯಿ ನಾಲ್ಕು ಪಟ್ಟಾಗುತ್ತದೆ. 2,800 ಲೀಟರ್ ಹೋಗುತ್ತದೆ. ಅಂಥ ಎರಡು ಕೊಳವೆ ಇದ್ದರೆ ಬಂದ ನೀರಷ್ಟೂ ಆಚೆಗೆ. 2 ಅಡಿಯ ಒಂದೇ ಕೊಳವೆ ಇದ್ದರೆ ಗಂಟೆಯಲ್ಲಿ ಸುಮಾರು 1 ಕೋಟಿ 80 ಲಕ್ಷ ಲೀಟರ್ ಈಚೆಯೇ ಉಳಿಯುತ್ತದೆ. ಅದು 20 ಎಕರೆಯಲ್ಲಿ ಹರಡಿದರೆ ಎಲ್ಲೆಡೆ ಮುಕ್ಕಾಲು ಅಡಿ ನೀರು! ರಸ್ತೆಯ ಒಟ್ಟು ಖರ್ಚಿನಲ್ಲಿ ಇಂಥ ಒಂದು ಮೋರಿಯ ಖರ್ಚು ಬಹಳ ಸಣ್ಣದು. ಹೊಲದವನಿಗೆ ಒಂದು ವರ್ಷದ ಅನ್ನವೇ ಅದರ ಮೇಲೆ ನಿಂತಿದೆ.

ಇನ್ನೊಂದು ಮಾತು. ಇಂಜಿನಿಯರುಗಳು "ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಗೆ ತಕ್ಕಂತೆ ಕಟ್ಟಿದ್ದೇವೆ" ಎಂದರೆ ಐವತ್ತು ವರ್ಷ ನಿಶ್ಚಿಂತೆ ಎಂದು ಅರ್ಥವಲ್ಲ. ಅಂಥ ಮಳೆ ಬರುವ ಸಂಭವ ಪ್ರತಿ ವರ್ಷವೂ ನೂರಕ್ಕೆ 2. ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 45ರಷ್ಟು.

ಭತ್ತದ ಗದ್ದೆಯಲ್ಲಿ ನೀರು ನಿಂತರೆ ನಷ್ಟವೇನು ಎಂದು ಕೆಲವರು ಕೇಳುವುದುಂಟು. ಭತ್ತಕ್ಕೆ ಬುಡದಲ್ಲಿ ನೀರು ಬೇಕು, ನಿಜ. ಗರಿಯೂ ಮುಳುಗಿ ದಿನಗಟ್ಟಲೆ ನಿಂತರೆ ಅದೂ ಕೊಳೆಯುತ್ತದೆ. ತೊಗರಿ, ಮೆಕ್ಕೆಜೋಳ, ಟೊಮೇಟೊಗಳಂಥ ಬೆಳೆಗಳಿಗೆ ಬೇರಿಗೆ ಗಾಳಿ ಬೇಕು. ನೀರು ನಿಂತ ಮಣ್ಣಿನಲ್ಲಿ ಅವು ಉಸಿರು ಕಟ್ಟಿ ಒಣಗುತ್ತವೆ.

ಜಗಳ ಯಾರ ಯಾರ ನಡುವೆ?

ಮೊದಲನೆಯದು ಮೇಲ್ಗಡೆಯ ರೈತನಿಗೂ ರಸ್ತೆ ಕಟ್ಟಿದವರಿಗೂ. ಇದು ಎಲ್ಲರಿಗೂ ಕಾಣುವಂಥದ್ದು.

ಎರಡನೆಯದು ಕೆಳಗಡೆಯ ರೈತನದು. ಮೊದಲು ಹೊಲದ ಉದ್ದಕ್ಕೂ ತೆಳುವಾಗಿ ಹರಿದುಬರುತ್ತಿದ್ದ ನೀರು ಈಗ ಒಂದೇ ಮೋರಿಯ ಬಾಯಿಂದ ರಭಸವಾಗಿ ನುಗ್ಗುತ್ತದೆ. ಮೇಲುಮಣ್ಣು ಕೊಚ್ಚಿಹೋಗಿ ಹೊಲದ ನಡುವೆ ಕೊರಕಲು ಬೀಳುತ್ತದೆ. ಆದ್ದರಿಂದ ಮೇಲಿನವನು ದೊಡ್ಡ ಮೋರಿ ಕೇಳಿದರೆ ಕೆಳಗಿನವನು ಬೇಡವೆನ್ನುತ್ತಾನೆ. ಕೆಲವೆಡೆ ರಾತ್ರೋರಾತ್ರಿ ಮೋರಿಯ ಬಾಯಿಗೆ ಮಣ್ಣು ಬೀಳುವುದೂ ಉಂಟು. ಹಾಗೆ ನೋಡಿದರೆ ಇಬ್ಬರ ಅಳಲೂ ಸರಿಯೇ. ಮೋರಿಯಿಂದ ಹತ್ತಿರದ ಹಳ್ಳದವರೆಗೆ ಕಾಲುವೆ ತೋಡಿಕೊಟ್ಟರೆ ಇಬ್ಬರಿಗೂ ಸಮಾಧಾನ. ಆದರೆ ಆ ಕಾಲುವೆ ಹೆದ್ದಾರಿಯ ಗಡಿ ಕಲ್ಲಿನ ಆಚೆಗೆ, ಯಾರದೋ ಖಾಸಗಿ ಜಮೀನಿನಲ್ಲಿ ಹೋಗಬೇಕು. ರಸ್ತೆಯವರು ನಮ್ಮದಲ್ಲ ಎನ್ನುತ್ತಾರೆ, ಪಂಚಾಯಿತಿಯವರೂ ನಮ್ಮದಲ್ಲ ಎನ್ನುತ್ತಾರೆ. ಕೊನೆಗೆ ತಲೆತಲಾಂತರದಿಂದ ಒಟ್ಟಿಗಿದ್ದ ಎರಡು ಮನೆಗಳು ಮಾತು ಬಿಡುತ್ತವೆ.

ಅಮೆರಿಕದಲ್ಲೂ ಇದೇ ಕಥೆ

ಇದು ನಮ್ಮ ದೇಶದ ಅವ್ಯವಸ್ಥೆ ಎಂದು ಮೂಗು ಮುರಿಯುವ ಹಾಗಿಲ್ಲ. ಟೆಕ್ಸಾಸ್ ರಾಜ್ಯದಲ್ಲಿ ಹ್ಯೂಸ್ಟನ್ ಮತ್ತು ಬೋಮಾಂಟ್ ನಗರಗಳ ನಡುವೆ ವಿನ್ನಿ ಎಂಬ ಊರಿದೆ. ಅಲ್ಲಿ ಭತ್ತದ ಸುಗ್ಗಿಯ ಉತ್ಸವವೇ ನಡೆಯುತ್ತದೆ. ಆ ಸೀಮೆಯ ಮೂಲಕ ಇಂಟರ್‌ಸ್ಟೇಟ್ 10 ಹೆದ್ದಾರಿ ಹಾದುಹೋಗುತ್ತದೆ. ಚಂಡಮಾರುತ ಬಂದಾಗ ಜನ ಪಾರಾಗಲು ರಸ್ತೆಯ ಒಂದು ಭಾಗವಾದರೂ ತೆರೆದಿರಬೇಕೆಂದು ರಾಜ್ಯ ಸರಕಾರ ಹೆದ್ದಾರಿಯ ನಡುಭಾಗದಲ್ಲಿ ಸುಮಾರು 3 ಅಡಿ ಎತ್ತರದ ತಡೆಗೋಡೆ ಕಟ್ಟಿತು. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಬಂತು. ಅಲ್ಲಿಂದ ದೂರವಲ್ಲದ ನೆಡರ್‌ಲೆಂಡ್ ಎಂಬಲ್ಲಿ 60 ಅಂಗುಲಕ್ಕೂ ಹೆಚ್ಚು ಮಳೆ ದಾಖಲಾಯಿತು. ಗೋಡೆ ತನ್ನ ಕೆಲಸ ಮಾಡಿತು, ದಕ್ಷಿಣದ ರಸ್ತೆ ಉಳಿಯಿತು. ಆದರೆ ಉತ್ತರದ ಹೊಲಗಳೂ ಮನೆಗಳೂ ಮುಳುಗಿದವು, ಬೆಳೆ ಹಾಳಾಯಿತು, ದನಕರು ಸತ್ತವು. 2019ರಲ್ಲಿ ಇಮೆಲ್ಡಾ ಬಿರುಗಾಳಿ ಬಂದಾಗ ಮತ್ತೆ ಅದೇ ಗತಿ.

ಜಮೀನುದಾರರು ನ್ಯಾಯಾಲಯಕ್ಕೆ ಹೋದರು. ಸಾರ್ವಜನಿಕ ಉಪಯೋಗಕ್ಕೆಂದು ಖಾಸಗಿ ಆಸ್ತಿ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಅಮೆರಿಕದ ಸಂವಿಧಾನದ 5ನೇ ತಿದ್ದುಪಡಿ ಹೇಳುತ್ತದೆ. ನಮ್ಮ ಹೊಲವನ್ನು ನೀರು ನಿಲ್ಲಿಸುವ ಜಾಗ ಮಾಡಿಕೊಂಡರೆ ಅದೂ ತೆಗೆದುಕೊಂಡಂತೆಯೇ ಎಂಬುದು ಅವರ ವಾದ. ಈ ವಾದ ಹೊಸದಲ್ಲ. ಅಣೆಕಟ್ಟಿನಿಂದ ಜಮೀನು ಮುಳುಗಿಸಿದರೂ ಪರಿಹಾರ ಕೊಡಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 1871ರ ಪಂಪೆಲಿ ಮೊಕದ್ದಮೆಯಲ್ಲೇ ಹೇಳಿತ್ತು. ಬಂದು ಹೋಗುವ ತಾತ್ಕಾಲಿಕ ಪ್ರವಾಹಕ್ಕೂ ಪರಿಹಾರ ಕೇಳಬಹುದೆಂದು 2012ರಲ್ಲಿ ಹೇಳಿತು. ಆದರೂ ವಿನ್ನಿಯ ರೈತರು ಈ ಹಕ್ಕನ್ನು ಯಾವ ಬಾಗಿಲಿನಿಂದ ಕೇಳಬೇಕು ಎಂಬುದೇ ದೊಡ್ಡ ತಕರಾರಾಯಿತು. 2024ರ ಏಪ್ರಿಲ್ 16ರಂದು 'ಡಿವಿಲಿಯರ್ ವಿರುದ್ಧ ಟೆಕ್ಸಾಸ್' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಟೆಕ್ಸಾಸಿನ ಕಾನೂನಿನ ಮೂಲಕವೇ ಅವರು ಪರಿಹಾರ ಕೇಳಲು ಅವಕಾಶವಿದೆ ಎಂದು ತೀರ್ಪು ನೀಡಿ ಮೊಕದ್ದಮೆಯನ್ನು ಹಿಂದಕ್ಕೆ ಕಳಿಸಿತು. ಗಮನಿಸಿ: ಮೊದಲ ಬಾರಿ ಹೊಲ ಮುಳುಗಿದ ಮೇಲೆ ಆರೂವರೆ ವರ್ಷ ಕಳೆದಿತ್ತು, ತೀರ್ಮಾನವಾದದ್ದು ಹಣವಲ್ಲ, ಕೇಳುವ ಬಾಗಿಲು ಮಾತ್ರ!

ಬೆಂಗಳೂರು–ಮೈಸೂರು ದಾರಿಯಲ್ಲಿ

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರು–ಮೈಸೂರು ಹೆದ್ದಾರಿ ಇನ್ನೂ ಪೂರ್ತಿಯಾಗುವ ಮೊದಲೇ, 2022ರ ಆಗಸ್ಟ್ ಕೊನೆಯ ಭಾರಿ ಮಳೆಯಲ್ಲಿ, ರಾಮನಗರದ ಬಳಿ ರಸ್ತೆಯ ಮೇಲೆಯೇ ನೀರು ಹರಿದು ಸಂಚಾರ ನಿಂತಿತು. 2023ರ ಮಾರ್ಚ್ 12ರಂದು ಹೆದ್ದಾರಿಯ ಉದ್ಘಾಟನೆಯಾಯಿತು. ಒಂದು ವಾರವೂ ಕಳೆಯದೆ, ಒಂದು ರಾತ್ರಿಯ ಮಳೆಗೆ ಮತ್ತೆ ರಾಮನಗರದ ಬಳಿ ನೀರು ನಿಂತು ದೊಡ್ಡ ಸುದ್ದಿಯಾಯಿತು. ಮಾದಾಪುರ ಗ್ರಾಮದವರು ಹೊಲಕ್ಕೂ ಊರಿಗೂ ಹೋಗಲು ಚರಂಡಿಯ ಮೇಲೆ ಮಣ್ಣು ತುಂಬಿ 3 ಮೀಟರ್ ಅಗಲದ ದಾರಿ ಮಾಡಿಕೊಂಡಿದ್ದರಿಂದ ನೀರು ಹೋಗುವ ಬಾಯಿ ಮುಚ್ಚಿತು ಎಂದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಹೇಳಿಕೆ ಕೊಟ್ಟಿತು.

ಈ ಹೇಳಿಕೆಯನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಚರಂಡಿ ಮುಚ್ಚಿದರೆ ನೀರು ನಿಲ್ಲುವುದು ಖಂಡಿತ, ಅದನ್ನು ಮುಚ್ಚಬಾರದು. ಹಾಗೆಯೇ ಎತ್ತಿನ ಗಾಡಿ, ಟ್ರ್ಯಾಕ್ಟರ್ ಹೊಲಕ್ಕೆ ಹೋಗಬೇಕೆಂಬುದೂ ಖಂಡಿತ. ಬೇಲಿ ಹಾಕಿದ ವೇಗದ ರಸ್ತೆ ಹೊಲಗಳ ನಡುವೆ ಬಂದಾಗ ನೀರಿಗೊಂದು ದಾರಿ, ಜನರಿಗೊಂದು ದಾರಿ ಎರಡನ್ನೂ ನಕ್ಷೆಯಲ್ಲೇ ಇಡಬೇಕು. ಒಂದನ್ನು ಮರೆತರೆ ಅದು ಇನ್ನೊಂದರ ಜಾಗ ನುಂಗುತ್ತದೆ. ಹೊಲದ ದಾರಿಯ ಅಡಿಯಲ್ಲಿ ಮೊದಲೇ ದೊಡ್ಡ ಕೊಳವೆ ಹಾಕಿದರೆ ಟ್ರ್ಯಾಕ್ಟರ್ ಮೇಲೆ ಹೋಗುತ್ತದೆ, ನೀರು ಕೆಳಗೆ ಹೋಗುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ?

1882ರ ಈಸ್‌ಮೆಂಟ್ ಕಾಯಿದೆಯ 7ನೇ ಕಲಮು ಒಂದು ಹಳೆಯ ನ್ಯಾಯವನ್ನು ಹೇಳುತ್ತದೆ: ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯಲು ಕೆಳಗಿನವನು ಬಿಡಬೇಕು.

1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಭೂಸ್ವಾಧೀನದ ಉದ್ದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ದೇಶಭಾಷೆಯ ಪತ್ರಿಕೆಯಾಗಿರಬೇಕು. ಗೆಜೆಟ್ಟಿನಲ್ಲಿ ಪ್ರಕಟವಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಪರಿಹಾರ ಲೆಕ್ಕ ಹಾಕುವಾಗ ಹೋದ ಜಮೀನಿನ ಬೆಲೆಯ ಜೊತೆಗೆ, ಜಮೀನು ತುಂಡಾದ ನಷ್ಟವನ್ನೂ, ಸ್ವಾಧೀನದಿಂದ ಉಳಿದ ಆಸ್ತಿಗಾಗಲಿ ಸಂಪಾದನೆಗಾಗಲಿ ಆದ ಹಾನಿಯನ್ನೂ ಗಮನಿಸಬೇಕೆಂದು 3ಜಿ ಕಲಮು ಹೇಳುತ್ತದೆ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಎಷ್ಟೋ ರೈತರು ಎಕರೆಗೆ ಎಷ್ಟು ದರ ಎಂಬುದನ್ನಷ್ಟೇ ಕೇಳಿ ಸುಮ್ಮನಾಗುತ್ತಾರೆ. ಉಳಿದ ಹೊಲದಲ್ಲಿ ನೀರು ನಿಲ್ಲುವ ಮಾತನ್ನು ಎತ್ತುವುದೇ ಇಲ್ಲ.

ಹೆಚ್ಚು ಕಷ್ಟಕ್ಕೆ ಬೀಳುವವನು ಒಂದು ಗುಂಟೆಯೂ ಸ್ವಾಧೀನವಾಗದ ಪಕ್ಕದ ಹೊಲದವನು. ಅವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ನೀರು ಅವನ ಹೊಲದಲ್ಲೇ ನಿಲ್ಲಬಹುದು. ಅವನು ಅರ್ಜಿ ಹಿಡಿದು ಅಲೆಯಬೇಕು, ಇಲ್ಲವೆ ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಹೋಗಬೇಕು.

ನಾವು ಏನು ಮಾಡಬಹುದು?

1. ರಸ್ತೆ ಬರುವ ಸುದ್ದಿ ಕೇಳಿದ ಕೂಡಲೇ, ಮಣ್ಣು ಬೀಳುವ ಮೊದಲು, ಒಂದು ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತದೆ ಎಂಬುದರ ಫೋಟೋ, ವೀಡಿಯೋ ತೆಗೆಸಿ, ತಾರೀಕಿನ ಸಮೇತ ಇಡಿ. "ಮೊದಲು ನಿಲ್ಲುತ್ತಿರಲಿಲ್ಲ" ಎಂಬುದಕ್ಕೆ ಅದೇ ಸಾಕ್ಷಿ.

2. ಗ್ರಾಮ ನಕ್ಷೆಯ ಪ್ರತಿ ಪಡೆದು ಹಳ್ಳ, ಕಾಲುವೆಗಳನ್ನು ಗುರುತಿಸಿ. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ತಗ್ಗುಗಳನ್ನು ತೋರಿಸಿಕೊಳ್ಳಿ.

3. ಅಲ್ಲಿ ಎಷ್ಟು ಮೋರಿ, ಯಾವ ಅಳತೆ, ಎಷ್ಟು ಮಳೆಯ ಲೆಕ್ಕ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ಈ ಹಕ್ಕು ಭಾರತದ ಪ್ರಜೆಗಳದ್ದು. ಬೇರೆ ದೇಶದ ಪೌರತ್ವ ಪಡೆದವರು ಊರಿನ ಸಂಬಂಧಿಕರ ಹೆಸರಿನಲ್ಲೇ ಅರ್ಜಿ ಹಾಕಿಸಬೇಕು.

4. ಬೆಳೆ ಮುಳುಗಿದರೆ ನೀರು ಇಳಿಯುವ ಮೊದಲೇ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ. ನೀರಿನ ಮಟ್ಟವನ್ನು ಕಂಬಕ್ಕೋ ಮರಕ್ಕೋ ಗುರುತು ಹಾಕಿ.

5. ಮೇಲಿನ ಹೊಲದವರು, ಕೆಳಗಿನ ಹೊಲದವರು ಸೇರಿ ಒಂದೇ ಅರ್ಜಿ ಕೊಡಲಿ: ಇಷ್ಟು ಅಗಲದ ಮೋರಿ, ಅಲ್ಲಿಂದ ಹಳ್ಳದವರೆಗೆ ಕಾಲುವೆ. ಬೇರೆ ಬೇರೆ ಅರ್ಜಿ ಕೊಟ್ಟರೆ ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳಿಹಾಕುವುದು ಸುಲಭ.

ನಮ್ಮಲ್ಲಿ ಸಿವಿಲ್ ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ನಕ್ಷೆ ಓದಬಲ್ಲವರಿದ್ದಾರೆ. ನಮ್ಮೂರಿನ ಒಬ್ಬ ರೈತನ ಮೋರಿಯ ಲೆಕ್ಕವನ್ನು ಶನಿವಾರದ ಒಂದು ಮಧ್ಯಾಹ್ನ ಕೂತು ಮಾಡಿ ಕಳಿಸಿದರೆ, ಅವನು ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ಬದಲು ಕಾಗದ ಹಿಡಿದು ಮಾತಾಡಬಲ್ಲ. "ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ?" ಎಂಬ ಗಾದೆಯಿದೆ. ಮಳೆ ನೀರೂ ಯಾರ ಅಪ್ಪಣೆಯನ್ನೂ ಕೇಳದು. ಇಳಿಜಾರಿನ ಕಡೆಗೇ ಹೋಗುತ್ತದೆ. ರಸ್ತೆ ಕಟ್ಟುವ ಮುನ್ನ ಅದಕ್ಕೆ ಸಾಕಷ್ಟು ಬಾಯಿ ಬಿಡಿಸಿಕೊಳ್ಳುವುದು ಅಗ್ಗ. ಕಟ್ಟಿದ ಮೇಲೆ ನ್ಯಾಯಾಲಯದಲ್ಲಿ ಬಿಡಿಸುವುದು ಬಹಳ ದುಬಾರಿ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮಳೆ ಬೆಳೆ ವಿಚಾರಿಸುವ ಜೊತೆಗೆ, ಮೋರಿಯ ಬಾಯಿ ಹೇಗಿದೆ ಎಂದೂ ಒಂದು ಮಾತು ಕೇಳಿ.