ತಾಮ್ರ ಪಳಗುವುದಿಲ್ಲ ಸ್ವಾಮಿ

‘ಹೊಸ ಕೇಬಲ್ ಅಲ್ವಾ ಸಾರ್, ಇನ್ನೂರು ಗಂಟೆ ಓಡಲಿ, ಆಮೇಲೆ ಕೇಳಿ ನೋಡಿ.’ ದುಬಾರಿ ಸ್ಪೀಕರ್ ಕೇಬಲ್ ಮಾರುವವರು ಹೇಳುವ ಮಾತು ಇದು. ಕೊಂಡವರೂ ಆಂಪ್ಲಿಫೈಯರ್ ಹಾಕಿಟ್ಟು ಖಾಲಿ ಕೋಣೆಗೆ ಹಗಲೂ ರಾತ್ರಿ ಸಂಗೀತ ಕೇಳಿಸುತ್ತಾರೆ. ಹೊಸ ಚಪ್ಪಲಿ ಕಾಲಿಗೆ ಒಗ್ಗುವ ಹಾಗೆ ತಂತಿಯೂ ಹಾಡಿಗೆ ಒಗ್ಗುತ್ತದೆಂಬ ನಂಬಿಕೆ. ಚರ್ಮ ಒಗ್ಗುತ್ತದೆ, ನಿಜ. ತಾಮ್ರಕ್ಕೆ ಆ ಚಾಳಿಯಿಲ್ಲ.

ಕರೆಂಟು ಹರಿದು ಹರಿದು ತಾಮ್ರದ ಹರಳುಗಳು ಸಾಲಾಗಿ ನಿಲ್ಲುತ್ತವಂತೆ. ತಂತಿಯನ್ನು ಎಳೆದು ಸಪೂರ ಮಾಡಿದ ಮೇಲೆ ಕಾರ್ಖಾನೆಯಲ್ಲೇ ನೂರಾರು ಡಿಗ್ರಿಗೆ ಕಾಯಿಸಿ ಹದ ಮಾಡುತ್ತಾರೆ. ಹರಳು ಬದಲಾಗಲು ಅಂಥ ಕಾವು ಬೇಕು. ಹಾಡು ಬರುತ್ತಿರುವಾಗ ನಿಮ್ಮ ಕೇಬಲ್ ಮುಟ್ಟಿ ನೋಡಿ, ಬೆಚ್ಚಗೂ ಆಗಿರುವುದಿಲ್ಲ. ಇನ್ನು ಕೆಲವರ ಪ್ರಕಾರ ಮೇಲಿನ ಪ್ಲಾಸ್ಟಿಕ್ ಹೊದಿಕೆ ವಿದ್ಯುತ್ತು ತುಂಬಿಕೊಂಡು ಸ್ಥಿರವಾಗುತ್ತದೆ. ಸಿಗ್ನಲ್ ಸೆಕೆಂಡಿಗೆ 20ರಿಂದ 20,000 ಸಲ ಹೊಯ್ದಾಡುತ್ತದೆ. ಈ ಕ್ಷಣ ತುಂಬಿದ್ದು ಮರುಕ್ಷಣ ಬರಿದು, ಕೂಡಿಡುವುದೇನನ್ನು?

2.5 ಚದರ ಮಿಲಿಮೀಟರಿನ ತಾಮ್ರದ ಜೋಡಿತಂತಿಯನ್ನು ಮೂರು ಮೀಟರ್ ಎಳೆದರೆ ಹೋಗಿಬರುವ ದಾರಿ ಸೇರಿ ರೆಸಿಸ್ಟೆನ್ಸ್ ಸುಮಾರು 0.04 ಓಮ್. ಎದುರಿಗಿರುವ ಸ್ಪೀಕರಿನದು 8 ಓಮ್. ಆ 0.04 ಮೊದಲ ದಿನ ಎಷ್ಟೋ ಇನ್ನೂರು ಗಂಟೆ ಕಳೆದ ಮೇಲೂ ಅಷ್ಟೇ. ಹತ್ತು ಮೀಟರ್ ದೂರಕ್ಕೆ ಬಡಕಲು ತಂತಿ ಎಳೆದರೆ ವ್ಯತ್ಯಾಸ ಕೇಳಿಸಬಹುದು. ಆದರೆ ಅದು ಮೊದಲ ನಿಮಿಷದಿಂದಲೇ ಇರುತ್ತದೆ, ಎಷ್ಟು ಓಡಿಸಿದರೂ ಹೋಗುವುದಿಲ್ಲ.

‘ನನ್ನ ಕಿವಿಗೇ ಕೇಳಿಸಿತಲ್ಲ!’ ಕೇಳಿಸಿರಬಹುದು. ಹಳೇ ಕೇಬಲ್ ಕಿತ್ತು ಹೊಸದು ಸಿಕ್ಕಿಸುವಾಗ ಟರ್ಮಿನಲ್ ಮೇಲಿನ ಕಿಲುಬು ಉಜ್ಜಿಹೋಗುತ್ತದೆ, ಸಡಿಲವಿದ್ದ ತಿರುಪು ಬಿಗಿಯಾಗುತ್ತದೆ. ಹೊಗಳಿಕೆ ಮಾತ್ರ ಕೇಬಲ್‌ಗೆ. ಹೊಸ ಸ್ಪೀಕರಾದರೆ ಅದರ ಕೋನ್ ಹಿಡಿದಿರುವ ಬಟ್ಟೆ, ರಬ್ಬರು ಕೊಂಚ ಸಡಿಲವಾಗುವುದೂ ಉಂಟು. ಮಿಕ್ಕಂತೆ ಪಳಗುವುದು ನಮ್ಮ ಕಿವಿ. ನಾದದ ಸೂಕ್ಷ್ಮಗಳ ನೆನಪು ಕೆಲವೇ ಸೆಕೆಂಡಿನಲ್ಲಿ ಮಾಸುತ್ತದೆ; ಮೂರು ವಾರದ ಹಿಂದೆ ಕೇಳಿದ್ದಕ್ಕೆ ಹೋಲಿಸುವವರ ಧೈರ್ಯ ಮೆಚ್ಚಬೇಕು. ಇನ್ನೂರು ಗಂಟೆ ಓಡಿ ಕೇಬಲ್‌ನ ನಾದ ಕೆಟ್ಟಿತು ಅಂದವರನ್ನು ನಾನಂತೂ ಕಂಡಿಲ್ಲ. ದಿನಕ್ಕೆ ಎರಡು ಗಂಟೆ ಕೇಳುವವರಿಗೆ ಇನ್ನೂರು ಗಂಟೆಯೆಂದರೆ ನೂರು ದಿನ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಸಾಮಾನ್ಯವಾಗಿ ಮುಗಿದಿರುತ್ತದೆ.

ಈ ನಂಬಿಕೆಗೆ ನೆಂಟರೂ ಇದ್ದಾರೆ. ಚಿನ್ನದ ಲೇಪ ಕಿಲುಬು ತಡೆಯುತ್ತದೆ, ನಾದ ಹೆಚ್ಚಿಸುವುದಿಲ್ಲ; ವಿದ್ಯುತ್ತು ಹರಿಸುವುದರಲ್ಲಿ ಚಿನ್ನ ತಾಮ್ರಕ್ಕಿಂತ ಹಿಂದೆ. ದುಬಾರಿ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಯ ಬಣ್ಣ ಗಾಢವಾಗುವುದಿಲ್ಲ.

2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರಾಂಡಿ 7,250 ಡಾಲರಿನ ಒಂದು ಸ್ಪೀಕರ್ ಕೇಬಲ್ ಜೋಡಿಯನ್ನು ಅಗ್ಗದ ಕೇಬಲ್‌ನಿಂದ ಬರೀ ಕೇಳಿ ಬೇರೆ ಮಾಡಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವೆನೆಂದ. ಆ ಹಣ ಯಾರ ಕೈಗೂ ಹೋಗಲಿಲ್ಲ. ಪಳಗಿಸುವವರಿಗೆ ಪರೀಕ್ಷೆ ಇನ್ನೂ ಸುಲಭ: ಒಂದೇ ಬಗೆಯ ಎರಡು ಕೇಬಲ್ ತನ್ನಿ, ಒಂದನ್ನು ಇನ್ನೂರು ಗಂಟೆ ಓಡಿಸಿ, ಇನ್ನೊಂದು ಡಬ್ಬಿಯಲ್ಲೇ ಇರಲಿ. ಆಮೇಲೆ ಯಾವುದು ಸಿಕ್ಕಿಸಿದೆಯೆಂದು ನಿಮಗೆ ಹೇಳದೆ ಮನೆಯವರು ಬದಲಿಸುತ್ತಾ ಹೋಗಲಿ, ನೀವು ಗುರುತಿಸಿ. ಇಷ್ಟು ಹೇಳಿದರೆ ‘ಪರೀಕ್ಷೆಯ ಒತ್ತಡದಲ್ಲಿ ಕೇಳಿಸಲ್ಲ’ ಅನ್ನುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇವರಿಗೆ ಊರವರ ದೆವ್ವ, ದೃಷ್ಟಿ, ತಾಯಿತಕ್ಕೆ ಮಾತ್ರ ನೆನಪಾಗುತ್ತದೆ. ಸ್ವಂತ ದುಡ್ಡು ಸುರಿದ ವಸ್ತುವಿಗೆ ರಿಯಾಯಿತಿ!